ಕೊನೆಯ ಬಟ್ಟಲು ತುಂಬುವ ತನಕ

ಕ್ರಿಸ್‌ಮಸ್‌ಗೆ ಇನ್ನೊಂದು ವಾರ. ಸಮುದ್ರದ ಮೇಲೆ ಬೆಳಕು ಈಗಷ್ಟೇ ಹರಡುತ್ತಿದೆ. ಪೆನ್ನಿ ಬೇ ಊರಿನ ಮೇಲ್ದಿಣ್ಣೆಯಲ್ಲಿ, ದೀವಿಹಲಸಿನ ಮರದ ಕೆಳಗೆ ನಾಲ್ಕು ಸಮಾಧಿಗಳಿವೆ. ಮೂರರ ಮೇಲೆ ಹಳೆಯ ಸುಣ್ಣ ಮಾಸಿದೆ. ನಾಲ್ಕನೆಯದು ಹೊಸದು, ಇನ್ನೂ ಸಿಮೆಂಟಿನ ಬಣ್ಣದಲ್ಲೇ ಇದೆ. ಪಕ್ಕದ ಮೋಟುಗೋಡೆಯ ಮೇಲೆ ಮರ್ಟಿಸ್ ಡೇಕರ್ಸ್ ಕುಳಿತಿದ್ದಾರೆ. ತಲೆಗೆ ನೀಲಿ ಬಟ್ಟೆ ಕಟ್ಟಿದ್ದಾರೆ, ಕಾಲಲ್ಲಿ ರಬ್ಬರ್ ಬೂಟು, ಮಡಿಲಲ್ಲಿ ಬಿಸಿ ಕೋಕೋ ತುಂಬಿದ ಫ್ಲಾಸ್ಕು. ವಯಸ್ಸು ಅರವತ್ತಾರು. ಆ ಸಮಾಧಿಗಳಲ್ಲಿ ಅವರ ಕಡೆಯವರು ಯಾರೂ ಇಲ್ಲ. ಅವರು ಕಾಯುತ್ತಿರುವುದು ಬದುಕಿರುವ ಒಬ್ಬರಿಗಾಗಿ.

ಕೆಳಗಿನ ಕಾಲುದಾರಿಯಲ್ಲಿ ಬಕೆಟ್ಟಿನ ಹಿಡಿ ಕಿರುಗುಟ್ಟುತ್ತದೆ. ನಲವತ್ತು ದಾಟಿದ, ಬಾಗಿಲು ತುಂಬುವಂಥ ಮೈಕಟ್ಟಿನ ಗಂಡಸೊಬ್ಬರು ಸುಣ್ಣ, ಎರಡು ಕುಂಚ ಹಿಡಿದು ಹತ್ತಿ ಬರುತ್ತಾರೆ. ಗೋಡೆಯ ಮೇಲೆ ಯಾರೋ ಕುಳಿತದ್ದು ಕಂಡು ಅಲ್ಲೇ ನಿಂತುಬಿಡುತ್ತಾರೆ.

"ದೆವ್ವ ಅಲ್ಲ ಕಣೋ ಸ್ಪ್ರಾಟ್, ನಾನು," ಎನ್ನುತ್ತಾರೆ ಮರ್ಟಿಸ್. "ನಿಮ್ಮಮ್ಮನ ಪಕ್ಕ ಜಾಗ ಹಿಡಿಯೋಕೆ ಬಂದಿಲ್ಲ. ಬಾ, ಕೋಕೋ ಕುಡಿ."

"ಮಿಸ್ ಮರ್ಟಿ... ಎದೆ ಒಡೆದು ಹೋಗ್ತಿತ್ತು ನಂಗೆ. ಈ ಹೊತ್ನಲ್ಲಿ ಇಲ್ಲೇನು ಮಾಡ್ತಿದೀರ?"

"ನಿನ್ನನ್ನೇ ಕಾಯ್ತಿದೀನಿ. ಅಮ್ಮ ಹೋದ ಮೇಲೆ ಮೊದಲನೇ ಕ್ರಿಸ್‌ಮಸ್ಸು. ಸುಣ್ಣ ಬಳಿಯೋಕೆ ಬರದೇ ಇದ್ರೆ ನೀನು ಅವಳ ಮಗನೇ ಅಲ್ಲ. ಬಿಸಿಲೇರೋ ಮುಂಚೆ ಬರ್ತೀಯ ಅಂತಾನೂ ಗೊತ್ತಿತ್ತು. ಚಿಕ್ಕೋನಿದ್ದಾಗಿಂದ ನಿಂಗೆ ಬಿಸಿಲು ಅಂದ್ರೆ ಆಗಲ್ಲ."

ಸ್ಪ್ರಾಟ್ ಬಕೆಟ್ ಇಳಿಸಿ ನಿಟ್ಟುಸಿರು ಬಿಡುತ್ತಾರೆ. "ಮತ್ತೆ ಆ ಪ್ರಶ್ನೆ ಕೇಳೋರಾ?"

"ಮತ್ತೆ ಅವರೇ."

"ಹೋದ್ಸಲ ಮರದ ತುಂಡು ಜೋಡಿಸು ಅಂದ್ರು. ಟ್ರೇಲರ್ ಲಾರೀನ ಹಡಗುಕಟ್ಟೆ ಒಳಗೆ ಹಿಂದು ಮುಂದು ಮಾಡಿ ನಿಲ್ಲಿಸೋನು ನಾನು. ನನ್ನ ಕೈಗೆ ಮರದ ತುಂಡು ಕೊಟ್ಟು, ಶಹಬ್ಬಾಸ್ ಅಂದ್ರು."

"ಈ ಸಲ ರಕ್ತದ ಒತ್ತಡಾನೂ ನೋಡ್ತಾರಂತೆ."

"ಅದಕ್ಕೆ ನನ್ನ ಹೆಂಡ್ತೀನ ಕೇಳಿದ್ರೆ ಸಾಕು."

ಮರ್ಟಿಸ್ ಎದ್ದು ಎರಡನೇ ಕುಂಚ ಕೈಗೆತ್ತಿಕೊಳ್ಳುತ್ತಾರೆ. ಇಬ್ಬರೂ ಸೇರಿ ನಾಲ್ಕನೇ ಸಮಾಧಿಗೆ ಮೊದಲು ಸುಣ್ಣ ಬಳಿಯುತ್ತಾರೆ. ಅದು ಒಣಗಲು ಬಿಡುವ ಹೊತ್ತಿಗೆ ಶನಿವಾರ ಚರ್ಚಿನ ಸಭಾಂಗಣಕ್ಕೆ ಬರುವುದಾಗಿ ಸ್ಪ್ರಾಟ್ ಒಪ್ಪಿರುತ್ತಾರೆ. ಮರ್ಟಿಸ್ ಅವರ ಒಂದು ದಿನದ ಕೆಲಸ ಸೂರ್ಯ ಮೇಲೇರುವ ಮೊದಲೇ ಮುಗಿದಿದೆ.

ಅವರ ಕೆಲಸ ಜನರನ್ನು ಹುಡುಕುವುದು. ಜಮೈಕಾದ ಸೇಂಟ್ ಥಾಮಸ್ ಜಿಲ್ಲೆಯ ಈ ಕರಾವಳಿ ಊರಿನಲ್ಲಿ 1986ರಲ್ಲಿ ಸರ್ಕಾರ ತನ್ನ ಖರ್ಚಿನಲ್ಲಿ ಒಂದು ಶಿಶುಶಾಲೆ ತೆರೆಯಿತು. ಮೂರು ವರ್ಷ ತುಂಬಿದ ಮಕ್ಕಳಿಗೆ ಇಡೀ ದಿನದ ಶಾಲೆ, ಎರಡು ಹೊತ್ತಿನ ಊಟ. ಅಲ್ಲಿ ಕಲಿತ ಮಕ್ಕಳು ಮುಂದೆ ಏನಾದರು, ಕಲಿಯದವರು ಏನಾದರು ಎಂದು ರಾಜಧಾನಿಯ ಸಂಶೋಧನಾ ಕಚೇರಿಯೊಂದು ಅಂದಿನಿಂದ ಗಮನಿಸುತ್ತಿದೆ. ಆ ಮಕ್ಕಳಿಗೆ ಈಗ ನಲವತ್ತೆರಡು ವರ್ಷ. ಹತ್ತು ವರ್ಷಕ್ಕೊಮ್ಮೆ ಅವರನ್ನೆಲ್ಲ ಮತ್ತೆ ಒಂದೆಡೆ ಕೂರಿಸಬೇಕು. ಕೂರಿಸಬೇಕಾದರೆ ಮೊದಲು ಸಿಗಬೇಕು. ಈ ಸಿಗಿಸುವ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮರ್ಟಿಸ್ ಮಾಡುತ್ತಿದ್ದಾರೆ. ಸಂಶೋಧನೆಯ ವರದಿಗಳಲ್ಲಿ ಅವರ ಹೆಸರು ಎಲ್ಲಿಯೂ ಬಂದಿಲ್ಲ. 'ಕ್ಷೇತ್ರ ಸಿಬ್ಬಂದಿಯ ನೆರವಿನಿಂದ' ಎಂಬ ಒಂದು ಸಾಲು ಬಂದಿದೆ.

ಹುಡುಕುವುದು ಕಷ್ಟ ಏಕೆಂದರೆ ಇಲ್ಲಿ ಯಾರಿಗೂ ಯಾರ ಕಾಗದದ ಹೆಸರೂ ಗೊತ್ತಿಲ್ಲ. ಹುಟ್ಟಿದಾಗ ಅಂಗೈಯಷ್ಟೇ ಇದ್ದ ಮಗುವಿಗೆ ಸ್ಪ್ರಾಟ್ ಎಂಬ ಸಣ್ಣ ಮೀನಿನ ಹೆಸರು ಬಿತ್ತು, ಅದೇ ನಿಂತಿತು. ಅವರ ಕಾಗದದ ಹೆಸರು ಲಿನ್ವಲ್ ಥಿಯೋಫಿಲಸ್ ರೇ ಎಂಬುದು ಅವರ ಹೆಂಡತಿಗೇ ಮದುವೆಯ ದಿನ ಪಾದ್ರಿ ಕೂಗಿದಾಗ ತಿಳಿದದ್ದು. ಅದಕ್ಕಿಂತ ದೊಡ್ಡ ತೊಡಕೊಂದಿದೆ. ಓಣಿಗೆ ಬಂದು ಕಾಗದದ ಹೆಸರು ಹಿಡಿದು ಕೇಳುವವರು ಪೊಲೀಸರು ಅಥವಾ ಕೋರ್ಟಿನ ಜವಾನರು. ಹಾಗೆ ಕೇಳಿದರೆ ಇಡೀ ಓಣಿ ಒಂದೇ ಉತ್ತರ ಕೊಡುತ್ತದೆ: "ಅಂಥೋರು ಇಲ್ಲಿ ಯಾರೂ ಇಲ್ಲ."

2005ರಲ್ಲಿ ರಾಜಧಾನಿಯಿಂದ ಬಂದ ಹುಡುಗ ಹುಡುಗಿಯರು ಹೀಗೇ ಕೇಳಿಕೊಂಡು ತಿರುಗಿದ್ದರು. ಕೆಲವರು ಲಂಡನ್ನಿಗೆ ಹೋದರೆಂದೂ ಕೆಲವರು ತೀರಿಕೊಂಡರೆಂದೂ ಬರೆದುಕೊಂಡು ವಾಪಸಾದರು. ಒಬ್ಬನಂತೂ ತನ್ನದೇ ಬಾಗಿಲಲ್ಲಿ ನಿಂತು, "ಪಾಪ, ಅವನು ಹೋಗಿ ಎರಡು ವರ್ಷ ಆಯ್ತು," ಎಂದು ತನ್ನ ಸಾವಿಗೆ ತಾನೇ ಮರುಗಿದ್ದ. ಆಗ ಯಾರೋ ಕಚೇರಿಯವರಿಗೆ, ಶಿಶುಶಾಲೆಯ ಹಳೇ ಅಡುಗೆಯವಳು ಮರ್ಟಿಯನ್ನು ಕೇಳಿ ಎಂದರು.

ಮರ್ಟಿಸ್ ಯಾರ ಬಾಗಿಲನ್ನೂ ಮೊದಲು ತಟ್ಟುವುದಿಲ್ಲ. ಶನಿವಾರ ಮೊರಂಟ್ ಬೇ ಸಂತೆಯಲ್ಲಿ ಹುಣಸೆಹಣ್ಣು ಚೌಕಾಸಿ ಮಾಡುತ್ತಾ ನಿಲ್ಲುತ್ತಾರೆ. ಶಾಲೆ ಶುರುವಾಗುವ ಮುಂಚಿನ ವಾರ ಸಮವಸ್ತ್ರದ ಅಂಗಡಿಯ ಸಾಲಿನಲ್ಲಿರುತ್ತಾರೆ. ಊರಿನ ಒಂದು ಶವಸಂಸ್ಕಾರವನ್ನೂ ತಪ್ಪಿಸುವುದಿಲ್ಲ. ಡಿಸೆಂಬರ್ ಬಂದರೆ ದಿಣ್ಣೆ ಹತ್ತುತ್ತಾರೆ. "ಮನೆ ಬದಲಾಯಿಸ್ತಾರೆ, ಫೋನ್ ಬದಲಾಯಿಸ್ತಾರೆ, ಗಂಡನ್ನೂ ಬದಲಾಯಿಸ್ತಾರೆ," ಎನ್ನುತ್ತಾರೆ ಅವರು. "ಅಮ್ಮನ ಸಮಾಧಿ ಮಾತ್ರ ಇದ್ದಲ್ಲೇ ಇರುತ್ತಲ್ಲ."

ಶಿಶುಶಾಲೆ ಶುರುವಾದಾಗ ಅದರಲ್ಲಿ ನಲವತ್ತು ಮಕ್ಕಳಿಗೆ ಜಾಗವಿತ್ತು. ಬಂದ ತಾಯಂದಿರು ಅದರ ಎರಡು ಪಟ್ಟಿಗಿಂತ ಹೆಚ್ಚು. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ಚರ್ಚಿನ ಅಂಗಳದಲ್ಲಿ ಒಂದು ದೊಡ್ಡ ಕಬ್ಬಿಣದ ಅಡುಗೆಪಾತ್ರೆ ಇಟ್ಟರು. ಒಳಗೆ ಸೋಡಾ ಬಾಟಲಿಯ ಮುಚ್ಚಳಗಳು. ನಲವತ್ತಕ್ಕೆ ಕೆಂಪು ಬಣ್ಣ ಬಳಿದಿತ್ತು, ಮಿಕ್ಕವು ಬರಿ ತಗಡು. ತಾಯಂದಿರು ಒಬ್ಬೊಬ್ಬರಾಗಿ ಮುಖ ತಿರುಗಿಸಿ ಕೈ ಹಾಕಿದರು. ಕೆಂಪು ಬಂದರೆ ಮಗುವಿಗೆ ಜಾಗ. ಬರಿ ಮುಚ್ಚಳ ಬಂದರೆ ಇಲ್ಲ. ಊರಿನವರು ಈಗಲೂ 'ಅವನು ಕೆಂಪು', 'ಇವಳು ಬರಿ' ಎಂದು ಗುರುತಿಸುವುದುಂಟು, ಆದರೆ ಪರಊರಿನವರ ಎದುರು ಅಲ್ಲ.

ಆ ಪಾತ್ರೆ ಶಾಲೆಯ ಅಡುಗೆಮನೆಯದು. ಅದನ್ನು ತೊಳೆದು ಹೊತ್ತು ತಂದವರು ಮರ್ಟಿಸ್. ಆಗ ಅವರಿಗೆ ಇಪ್ಪತ್ತೇಳು. ಅಡುಗೆಯ ಕೆಲಸಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. ಕಬ್ಬು ಕಡಿಯಲು ಫ್ಲೋರಿಡಾಕ್ಕೆ ಹೋದ ಗಂಡ ಹಿಂದಿರುಗಿರಲಿಲ್ಲ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಳು. ಊರು ಅವಳನ್ನು ಪನ್ಸಿ ಎಂದು ಕರೆಯುತ್ತಿತ್ತು. ಮರ್ಟಿಸ್ ಕೂಡ ಸಾಲಿನಲ್ಲಿ ನಿಂತು ತಾವೇ ತೊಳೆದ ಪಾತ್ರೆಗೆ ಕೈ ಹಾಕಿದರು. ಬರಿ ಮುಚ್ಚಳ ಬಂತು.

"ಟೀಚರ್ ಒಳ್ಳೇವ್ರು," ಎಂದು ನೆನೆಯುತ್ತಾರೆ ಅವರು. "ಮಾರನೇ ದಿನ ಅಡುಗೆಮನೆಗೆ ಬಂದು, 'ಮರ್ಟಿ, ಅಡುಗೆಯೋಳ ಮಗು ಒಂದು ಮೂಲೇಲಿ ಕೂತ್ರೆ ಯಾರು ಕೇಳ್ತಾರೆ' ಅಂದ್ರು. ನಾನು ಬೇಡ ಅಂದೆ. ಅಷ್ಟೊಂದು ಜನ ತಾಯಂದ್ರು ತಗಡಿನ ಮುಚ್ಚಳ ಹಿಡ್ಕೊಂಡು, ಬಾಯಿ ಮುಚ್ಕೊಂಡು ಮನೆಗೆ ಹೋಗಿದ್ರು. ನಾನೊಬ್ಳು ಮಗೂನ ಸೊಂಟಕ್ಕೆ ಏರಿಸ್ಕೊಂಡು ಒಳಗೆ ಹೋದ್ರೆ ಆ ಪಾತ್ರೆಗೆ ಏನು ಮರ್ಯಾದೆ?"

ಪನ್ಸಿ ಅಜ್ಜಿಯ ಜೊತೆ ಉಳಿದಳು. ಅಜ್ಜಿ ನದಿಯಲ್ಲಿ ಬೇರೆಯವರ ಬಟ್ಟೆ ಒಗೆಯುತ್ತಿದ್ದರು. ಶಾಲೆಯ ಬೇಲಿ ಆ ದಾರಿಯಲ್ಲೇ ಇತ್ತು.

ಒಳಗೆ ಏನು ನಡೆಯುತ್ತಿತ್ತು? ನೋಡುವವರಿಗೆ ಅದು ಆಟದಂತೆಯೇ ಕಾಣುತ್ತಿತ್ತು. ಮಕ್ಕಳು ಕಡಲೆಬೀಜ, ಹುರುಳಿ ಬೀಜಗಳನ್ನು ಬೇರೆ ಮಾಡುತ್ತಿದ್ದರು. ಕೇಳಿದ ಕಥೆಯನ್ನು ತಿರುಗಿ ಹೇಳುತ್ತಿದ್ದರು, ಪ್ರತಿಯೊಬ್ಬರೂ ತಮಗೆ ಬೇಕಾದಂತೆ ಬದಲಾಯಿಸಿ. ಮೆಕ್ಕೆಜೋಳದ ಗಂಜಿಗೆ ಜಾಯಿಕಾಯಿ ತುರಿಯುವುದು ಮಕ್ಕಳದೇ ಸರದಿ. ತೆಂಗಿನ ಹಾಲು ಯಾಕೆ ಉಕ್ಕುತ್ತದೆ, ಉಕ್ಕುವುದಕ್ಕೆ ಮುಂಚೆ ಏನು ಮಾಡುತ್ತದೆ ಎಂದು ಮರ್ಟಿಸ್ ಅವರನ್ನೇ ಕೇಳುತ್ತಿದ್ದರು. ಬಡಿಸುವಾಗ ಒಂದು ನಿಯಮವಿತ್ತು, ಅದು ಮರ್ಟಿಸ್ ಅವರದೇ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂರಬೇಕು. ಕೊನೆಯ ಬಟ್ಟಲು ತುಂಬುವ ತನಕ ಯಾರೂ ಚಮಚ ಮುಟ್ಟುವಂತಿಲ್ಲ. "ಮೊದಲನೇ ವಾರ ಅಳುವೋ ಅಳು. ಎರಡನೇ ತಿಂಗಳಿಗೆ, ಹೊಸಬರು ಯಾರಾದ್ರೂ ಮುಂಚೆ ತಿಂದ್ರೆ ಉಳಿದೋರೇ ಗದರಿಸೋರು."

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತೇವೆ. ಇಲ್ಲಿ ಮೊಳಕೆಯಲ್ಲಿ ಕಂಡದ್ದು ನಡುವೆ ಕಾಣದೇ ಹೋಯಿತು. ಶಿಶುಶಾಲೆ ಬಿಟ್ಟ ವರ್ಷ ಕೆಂಪು ಮುಚ್ಚಳದ ಮಕ್ಕಳು ಪರೀಕ್ಷೆಗಳಲ್ಲಿ ಬಹಳ ಮುಂದಿದ್ದರು. ಹತ್ತನೇ ವಯಸ್ಸಿಗೆ ಪರೀಕ್ಷಿಸಿದಾಗ ಎರಡು ಗುಂಪುಗಳ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 'ಗಂಜಿಯ ದುಡ್ಡು ನೀರುಪಾಲು' ಎಂದು ಒಂದು ಪತ್ರಿಕೆ ಬರೆಯಿತು. ಶಾಲೆ ಅರ್ಧ ದಿನಕ್ಕೆ ಇಳಿಯಿತು. ಊಟ ನಿಂತಿತು. ಮರ್ಟಿಸ್ ಕೆಲಸ ಕಳೆದುಕೊಂಡು ಬಸ್ ನಿಲ್ದಾಣದಲ್ಲಿ ಹುರಿದ ಮೀನು ಮಾರಲು ಕುಳಿತರು.

"ಯಾಮ್ ಗೆಣಸು ನೆಟ್ಟು, ಬೆಳೀತಾ ಇದೆಯಾ ಅಂತ ಭಾನುವಾರ ಭಾನುವಾರ ಕೆದಕಿ ನೋಡೋನು ಗೆಣಸನ್ನೂ ತಿನ್ನಲ್ಲ, ಬಳ್ಳೀನೂ ಉಳಿಸ್ಕೊಳ್ಳಲ್ಲ," ಎನ್ನುತ್ತಾರೆ ಮರ್ಟಿಸ್. ಈಗ ನಗುತ್ತಾ ಹೇಳುತ್ತಾರೆ. ಆಗ ಹೀಗೆ ಹೇಳಿದ್ದರೇ ಎಂದು ಕೇಳಿದರೆ, "ಇಲ್ಲ, ಆಗ ಅತ್ತಿದ್ದೆ," ಎನ್ನುತ್ತಾರೆ.

ಇಪ್ಪತ್ತೆರಡನೇ ವಯಸ್ಸಿನ ಸುತ್ತಿನಲ್ಲಿ ಗೆಣಸು ಕಂಡಿತು. ಅಂಕಗಳಲ್ಲಿ ಅಲ್ಲ, ಬದುಕಿನಲ್ಲಿ. ಕೆಂಪು ಮುಚ್ಚಳದವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಕೋರ್ಟಿನ ಮೆಟ್ಟಿಲು ಹತ್ತಿದವರು ಕಡಿಮೆ, ಒಂದೇ ಕೆಲಸದಲ್ಲಿ ನಿಂತವರು ಹೆಚ್ಚು. ಮೂವತ್ತೆರಡಕ್ಕೆ ಅವರ ಗಳಿಕೆ ಸರಾಸರಿ ಐದನೇ ಒಂದು ಪಾಲು ಹೆಚ್ಚಿತ್ತು. ಅವರ ಮಕ್ಕಳು ಒಂದನೇ ತರಗತಿಗೆ ಬರುವಾಗಲೇ ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕೆಂದು ತಿಳಿದು ಬರುತ್ತಿದ್ದರು. ಈ ಎರಡು ವರದಿಗಳ ನಂತರ ಕರಾವಳಿಯ ಊರುಗಳ ಶಿಶುಶಾಲೆಗಳಿಗೆಲ್ಲ ಇಡೀ ದಿನದ ಹಣ ಮರಳಿ ಬಂತು. ಪೆನ್ನಿ ಬೇಯಲ್ಲಿ ಈಗ ಯಾರೂ ಮುಚ್ಚಳ ಎತ್ತಬೇಕಾಗಿಲ್ಲ, ಎಲ್ಲ ಮಕ್ಕಳಿಗೂ ಜಾಗವಿದೆ. ಬೆಟ್ಟದ ಮೇಲಿನ ಮೂರು ಊರುಗಳಿಗೆ ಇನ್ನೂ ಇಲ್ಲ. ನಲವತ್ತೆರಡರ ಈ ಸುತ್ತಿನ ವರದಿ ನೋಡಿ ಅದನ್ನು ತೀರ್ಮಾನಿಸುವುದಾಗಿ ಸರ್ಕಾರ ಹೇಳಿದೆ.

ಸಂಶೋಧನೆಯ ಮುಖ್ಯಸ್ಥೆ ಡಾ. ಕರೋಲ್ ಟುಲಕ್ ಲೆಕ್ಕದಲ್ಲಿ ಬಿಗಿ. "ನಮ್ಮದು ಸಣ್ಣ ಊರಿನ ಸಣ್ಣ ಸಂಖ್ಯೆ," ಎನ್ನುತ್ತಾರೆ ಅವರು. "ಕೆಲವರು ಸಿಗದೇ ಹೋದರೂ ತಕ್ಕಡಿ ವಾಲುತ್ತೆ. ಅದರಲ್ಲೂ ಬರಿ ಮುಚ್ಚಳದವರು. ಅವರಿಗೆ ನಾವು ಕೊಟ್ಟಿದ್ದು ಏನೂ ಇಲ್ಲ, ಹತ್ತು ವರ್ಷಕ್ಕೊಮ್ಮೆ ಬಂದು ಕೇಳ್ತೀವಿ ಅಷ್ಟೆ. ಅವರು ಯಾಕೆ ಬರಬೇಕು? ಮಿಸ್ ಮರ್ಟಿ ಕರೆದರು ಅಂತ ಬರ್ತಾರೆ."

ಪ್ರಶ್ನೆ ಕೇಳುವ ಹುಡುಗಿಯರಿಗೆ, ಎದುರು ಕುಳಿತವರು ಕೆಂಪೋ ಬರಿಯೋ ಎಂಬುದು ತಿಳಿಯಬಾರದು. ತಿಳಿದರೆ ಕಿವಿ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ರಾಜಧಾನಿಯಿಂದ ಹೊಸಬರೇ ಬರುತ್ತಾರೆ. ಊರಿನಲ್ಲಿ ಕಚೇರಿಯ ಕೆಲಸಕ್ಕೆ ಓಡಾಡುವವರಲ್ಲಿ ಎಲ್ಲ ತಿಳಿದವರು ಮರ್ಟಿಸ್ ಒಬ್ಬರೇ. "ಹುಡುಕೋಕೆ ಅರ್ಧ ಸಂಬಳ, ಬಾಯಿ ಮುಚ್ಕೊಂಡಿರೋಕೆ ಅರ್ಧ," ಎಂಬುದು ಅವರ ತಮಾಷೆ.

ಒಂದು ಸಲ ಮಾತ್ರ ಗುಟ್ಟು ಒಡೆಯಿತು, ಅದೂ ಬಾಯಿಯಿಂದ ಅಲ್ಲ. 2005ರಲ್ಲಿ, ಮೊದಲ ಸಲ ಎಲ್ಲರನ್ನೂ ಹುಡುಕಿ ತಂದ ಸಂಭ್ರಮದಲ್ಲಿ, ಬಂದವರು ಹಸಿದುಕೊಂಡು ಕೂರಬಾರದೆಂದು ಮರ್ಟಿಸ್ ಚರ್ಚಿನ ಹಿಂದೆ ಒಲೆ ಹೂಡಿ ಗಂಜಿ ಕಾಯಿಸಿದರು. ದಾಲ್ಚಿನ್ನಿ ಎಲೆ, ಜಾಯಿಕಾಯಿ, ಡಬ್ಬದ ಸಿಹಿ ಹಾಲು, ಎಲ್ಲ ಹಳೇ ಹದದಲ್ಲಿ. ಬಟ್ಟಲು ಹಂಚುತ್ತಾ ಬಂದರು. ಇಪ್ಪತ್ತೆರಡರ ಗಡ್ಡದ ಹುಡುಗರು, ಮಗು ಎತ್ತಿಕೊಂಡ ಹುಡುಗಿಯರು, ಅರ್ಧದಷ್ಟು ಜನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತರು. ಉಳಿದರ್ಧ ತಿನ್ನತೊಡಗಿದರು. ಕೊನೆಯ ಬಟ್ಟಲು ತುಂಬಿದಾಗ ಕಾದವರ ಚಮಚಗಳು ಒಟ್ಟಿಗೆ ಇಳಿದವು. ಪ್ರಶ್ನೆ ಕೇಳುವವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಾರು ಯಾರೆಂದು ಹೇಳಲು ಇನ್ನೇನೂ ಬೇಕಿರಲಿಲ್ಲ.

ಕಚೇರಿ ಆ ತಂಡವನ್ನು ವಾಪಸು ಕಳಿಸಿ ಬೇರೆ ತಂಡ ಕರೆಸಬೇಕಾಯಿತು. "ನನ್ನದೇ ತಪ್ಪು," ಎನ್ನುತ್ತಾರೆ ಮರ್ಟಿಸ್, ಆದರೆ ಆ ಮಾತು ಹೇಳುವಾಗ ಅವರ ಮುಖದಲ್ಲಿ ಪಶ್ಚಾತ್ತಾಪ ಹುಡುಕಿದರೂ ಸಿಗುವುದಿಲ್ಲ. "ಇಪ್ಪತ್ತು ವರ್ಷ ಆದ್ರೂ ಮರೆತಿರ್ಲಿಲ್ಲ ನೋಡಿ, ಮುಂಡೇವು." ಅಂದಿನಿಂದ ಸಭಾಂಗಣದಲ್ಲಿ ಗಂಜಿಗೆ ನಿಷೇಧ. ಪೊಟ್ಟಣದಲ್ಲಿ ಕಟ್ಟಿದ ಬನ್ನು, ಚೀಸು ಮಾತ್ರ.

ಆ ದಿನ ಬಟ್ಟಲು ಹಿಡಿದು ಕಾದವರಲ್ಲಿ ಪನ್ಸಿಯೂ ಇದ್ದರು.

ಅವರು ಬರಿ ಮುಚ್ಚಳ. ಶಾಲೆಯೊಳಗೆ ಒಂದು ದಿನವೂ ಕುಳಿತವರಲ್ಲ. ಆದರೆ ಸಂಜೆ ಮನೆಯಲ್ಲಿ ಅಜ್ಜಿಯ ತಟ್ಟೆ ತುಂಬುವ ತನಕ ಕಾಯುವುದನ್ನು ತಾಯಿ ಅವರಿಗೂ ಕಲಿಸಿದ್ದರು. ನೋಡುತ್ತಿದ್ದ ತಂಡ ಅವರನ್ನು ಕೆಂಪು ಎಂದುಕೊಂಡಿತು. ಯಾರೋ ತಿದ್ದಿದರು: ಅಲ್ಲ, ಅಡುಗೆಯವಳ ಮಗಳು. "ಹಾಗಾದರೆ ಇವಳು ಕೆಟ್ಟ ಲೆಕ್ಕ, ಯಾವ ಗುಂಪಿಗೂ ಸರಿಯಾಗಿ ಸೇರಲ್ಲ," ಎಂದಿತು ಹೊಸದಾಗಿ ಕೆಲಸಕ್ಕೆ ಬಂದ ಒಂದು ದನಿ. ಅದು ಪನ್ಸಿಯ ಕಿವಿಗೆ ಬಿತ್ತು. ಬಟ್ಟಲು ಕೆಳಗಿಟ್ಟು ಎದ್ದು ಹೋದರು. ಬೇರೆ ತಂಡ ಬಂದಾಗಲೂ ಬರಲಿಲ್ಲ. ಹತ್ತು ವರ್ಷ ಬಿಟ್ಟು, ಮೂವತ್ತೆರಡರ ಸುತ್ತಿಗೂ ಬರಲಿಲ್ಲ.

ಸ್ವಂತ ಸಂಬಂಧಿಕರನ್ನು ಕರೆಯುವಂತಿಲ್ಲ ಎಂಬುದು ಕಚೇರಿಯ ನಿಯಮ. ಕರೆಯಲು ಬೇರೆಯವರು ಹೋದರು, ಬರಿಗೈಯಲ್ಲಿ ಬಂದರು. ಈ ಸುತ್ತು ಮರ್ಟಿಸ್ ಅವರ ಕೊನೆಯದು, ಮುಂದೆ ದಿಣ್ಣೆ ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಬದುಕಿರುವವರೆಲ್ಲ ಸಿಕ್ಕಿದ್ದಾರೆ ಎಂದು ಹೇಳಿ ನಿಲ್ಲಿಸಬೇಕೆಂಬುದು ಅವರ ಆಸೆ. ಸ್ಪ್ರಾಟ್ ಸಿಕ್ಕ ಮೇಲೆ ಉಳಿದದ್ದು ಒಬ್ಬರೇ.

ಸಮುದ್ರದ ದಂಡೆಯಲ್ಲಿ ಪನ್ಸಿಯದು ಮೀನಿನ ಅಂಗಡಿ. ಎರಡು ಫ್ರೀಜರ್, ತೂಕದ ಯಂತ್ರ, ಕೆಲಸಕ್ಕೆ ಇಬ್ಬರು ಹೆಂಗಸರ ನೆರವು. ದೊಡ್ಡ ಮಗ ಕಾಲೇಜಿನಲ್ಲಿದ್ದಾನೆ. ನಾಲ್ಕು ವರ್ಷದ ಕಿರಿಮಗಳು ಬಟನ್, ತಾಯಿಗೆ ಸಿಗದ ಅದೇ ಶಿಶುಶಾಲೆಗೆ ಹೋಗುತ್ತಾಳೆ. ಈ ಪತ್ರಿಕೆಗಾಗಿ ಮರ್ಟಿಸ್ ಜೊತೆ ನಾನು ಅಲ್ಲಿಗೆ ಹೋದಾಗ ಪನ್ಸಿ ಕೆಂಪು ಸ್ನ್ಯಾಪರ್ ಮೀನಿನ ಪೊರೆ ಕೆರೆಯುತ್ತಿದ್ದರು. ಯಾಕೆ ಬರುವುದಿಲ್ಲ ಎಂದು ನಾನು ಕೇಳಿದ ಪ್ರಶ್ನೆಗೆ ತಾಯಿಯ ಕಡೆ ನೋಡಿಯೇ ಉತ್ತರಿಸಿದರು.

"ಮಮ್ಮ ಬಾಯಿಬಿಟ್ಟು ಕರೀಲಿ, ಬೈಯೋಣ ಅಂತ ಇಪ್ಪತ್ತು ವರ್ಷದಿಂದ ಕಾಯ್ತಿದೀನಿ. ಕರೆಯೋದೇ ಇಲ್ಲ. ನಿಯಮ ಅಂತೆ."

"ಬೈಯೋಕೆ ನಿಯಮ ಅಡ್ಡ ಬರಲ್ಲ," ಎಂದರು ಮರ್ಟಿಸ್. "ಶುರು ಮಾಡು."

"ಊರ ಮಕ್ಕಳಿಗೆಲ್ಲ ನೀನು ಬಡಿಸ್ದೆ. ನಾನು ಬೇಲಿ ಆಚೆ ನಿಂತಿದ್ದೆ."

"ನಿಂತಿದ್ದೆ. ದಿನಾ ನೋಡ್ತಿದ್ದೆ ನಾನು."

ಚಾಕು ಕ್ಷಣ ಹೊತ್ತು ನಿಂತಿತು. ನೋಡುತ್ತಿದ್ದೆ ಎಂದು ತಾಯಿ ಹಿಂದೆಂದೂ ಹೇಳಿರಲಿಲ್ಲ ಎಂದು ಪನ್ಸಿ ಆಮೇಲೆ ತಿಳಿಸಿದರು.

"ಆ ಸಿಟ್ಟು ಮೊದಲನೇ ಸಲದ್ದು," ಎಂದರು ಅವರು, ದನಿ ತಗ್ಗಿಸಿ. "ಎರಡನೇ ಸಲ ಬರದೇ ಇದ್ದಿದ್ದು ಸಿಟ್ಟಿಗಲ್ಲ. ನನ್ನ ನೋಡು. ಎರಡು ಫ್ರೀಜರ್. ಮಗ ಕಾಲೇಜು. ಬರಿ ಮುಚ್ಚಳದೋಳು ಇಷ್ಟು ಚೆನ್ನಾಗಿದಾಳೆ ಅಂತ ಬರ್ಕೊಂಡ್ರೆ ದೊಡ್ಡೋರು ಏನಂತಾರೆ? 'ಶಿಶುಶಾಲೆ ಇಲ್ದೇನೂ ನಡೆಯುತ್ತಲ್ಲ' ಅಂತಾರೆ. ನಾನು ಹೋದ್ರೆ ನಿನ್ನ ಗಂಜಿ ಬೆಲೆ ಇಳಿಯುತ್ತೆ ಮಮ್ಮ. ಬೆಟ್ಟದ ಮಕ್ಕಳ ಶಾಲೆಗೆ ನಾನ್ಯಾಕೆ ಕಲ್ಲು ಹಾಕ್ಲಿ?"

ಮರ್ಟಿಸ್ ಮೀನಿನ ಬುಟ್ಟಿಯ ಅಂಚಿನ ಮೇಲೆ ಕುಳಿತರು.

"ನಿನ್ನ ಬಚ್ಚಿಟ್ಟು ದೊಡ್ಡದಾಗಿ ಕಾಣೋ ಲೆಕ್ಕ ನನಗೆ ಬೇಡ," ಎಂದರು. "ಆವತ್ತು ನಿನ್ನ ಕದ್ದು ಒಳಗೆ ಕೂರಿಸ್ಲಿಲ್ಲ. ಈಗ ಕದ್ದು ಹೊರಗೆ ಇಡೋದೂ ಇಲ್ಲ."

"ಈಗ ಕರೀತಿದೀಯಾ?"

"ಕರೀತಿಲ್ಲ. ಪತ್ರಿಕೆಯೋರಿಗೆ ಹೇಳ್ತಿದೀನಿ. ನೀನು ಪಕ್ಕದಲ್ಲಿದೀಯ ಅಷ್ಟೆ."

'ಕೆಟ್ಟ ಲೆಕ್ಕ' ಎಂಬುದರ ಬಗ್ಗೆ ಡಾ. ಟುಲಕ್ ಅವರನ್ನು ಕೇಳಿದೆ. ಅಂಥದೊಂದು ಇಲ್ಲವೇ ಇಲ್ಲ ಎಂದರು. ಪಾತ್ರೆಯಿಂದ ಯಾವ ಮುಚ್ಚಳ ಬಂತೋ ಆ ಗುಂಪಿನಲ್ಲೇ ಕೊನೆಯವರೆಗೂ ಲೆಕ್ಕ. ಆಮೇಲೆ ಮನೆಯಲ್ಲಿ ಯಾರು ಏನು ಕಲಿಸಿದರು, ಯಾರು ಹೇಗೆ ಮೇಲೆ ಬಂದರು ಎಂಬುದರಿಂದ ಮುಚ್ಚಳದ ಬಣ್ಣ ಬದಲಾಗುವುದಿಲ್ಲ. "ಚೆನ್ನಾಗಿ ಬದುಕಿದ ಬರಿ ಮುಚ್ಚಳದವರನ್ನು ಬಿಟ್ಟು, ಸೋತವರನ್ನು ಮಾತ್ರ ಎಣಿಸಿದರೆ ನಮ್ಮ ವರದಿಗೆ ಕವಡೆ ಬೆಲೆ ಇಲ್ಲ," ಎಂದರು. ಪನ್ಸಿ ಬಂದರೆ ವ್ಯತ್ಯಾಸ ಕಡಿಮೆಯಾಗುವುದಿಲ್ಲವೇ? "ಆಗಬಹುದು. ಸ್ವಲ್ಪ. ಆದರೆ ಆಗ ಉಳಿದದ್ದು ನಿಜದ ವ್ಯತ್ಯಾಸ."

ಶನಿವಾರ. ಸಭಾಂಗಣದ ಬೆಂಚುಗಳ ಮೇಲೆ ಸರದಿಗಾಗಿ ಕಾಯುವವರು ಕುಳಿತಿದ್ದಾರೆ. ಸ್ಪ್ರಾಟ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದಾರೆ. ರಕ್ತದ ಒತ್ತಡ ನೋಡುವ ಯಂತ್ರವನ್ನು ಓರೆಗಣ್ಣಿನಿಂದ ಗಮನಿಸುತ್ತಿದ್ದಾರೆ. ಒಳಗೆ ಕೂರುವಂತಿಲ್ಲದ ಮರ್ಟಿಸ್ ಹೊರಗಿನ ಮೆಟ್ಟಿಲ ಮೇಲಿದ್ದಾರೆ. ಬೆಳಗಿನ ಹೊತ್ತು ಪೂರ್ತಿ ಅವರು ರಸ್ತೆಯ ಕಡೆ ನೋಡುವುದಿಲ್ಲ. ಯಾವ ಬಾಡಿಗೆ ಕಾರು ನಿಂತರೂ ತಲೆ ಎತ್ತುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಕಾರಿನಿಂದ ಪನ್ಸಿ ಇಳಿಯುತ್ತಾರೆ, ಬಟನ್ ಕೈ ಹಿಡಿದು. ಭಾನುವಾರದ ಉಡುಪು ತೊಟ್ಟಿದ್ದಾರೆ. ಮೆಟ್ಟಿಲ ಬಳಿ ನಿಂತು, "ಮೀನಿನ ವಾಸನೆ ಹೋಗಿದೆಯಾ ನೋಡು," ಎಂದು ತಾಯಿಗೆ ಕೈ ಚಾಚುತ್ತಾರೆ.

ಮರ್ಟಿಸ್ ಮೂಸಿ ನೋಡುತ್ತಾರೆ. "ಇಲ್ಲ."

"ನಿಂಬೆಹಣ್ಣು ತಿಕ್ಕಿದ್ದೆ."

"ಇನ್ನೊಂದಷ್ಟು ತಿಕ್ಬೇಕಿತ್ತು. ಹೋಗು, ಸರದಿ ತಪ್ಪುತ್ತೆ."

ಒಳಗೆ ಪೊಟ್ಟಣಗಳನ್ನು ಹಂಚುತ್ತಾರೆ. ಪನ್ಸಿಗೆ ಒಂದು, ಬಟನ್‌ಗೆ ಒಂದು. ಬಟನ್ ಪೊಟ್ಟಣ ಬಿಚ್ಚದೆ ಎರಡೂ ಕೈಯಲ್ಲಿ ಹಿಡಿದು ಬೆಂಚಿನ ತುದಿಯವರೆಗೆ ಕಣ್ಣು ಹಾಯಿಸುತ್ತಾಳೆ, ಯಾರಿಗಿನ್ನೂ ಬಂದಿಲ್ಲ ಎಂದು. ಅವಳ ಪಕ್ಕದಲ್ಲಿ ತಾಯಿಯೂ ಬಿಚ್ಚಿಲ್ಲ. ರಾಜಧಾನಿಯಿಂದ ಬಂದ ಹುಡುಗಿ ಕಾಗದ ಹಿಡಿದು ಬಾಗಿಲಿಗೆ ಬಂದವಳು ಅದನ್ನು ನೋಡಿ, ಬೇಗನೆ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾಳೆ. ಹಳೆಯ ಗಂಜಿಯ ಕಥೆಯನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಲಾಗುತ್ತದೆ. ಸ್ಪ್ರಾಟ್ ಕಾದರೋ ತಿಂದರೋ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಪನ್ಸಿಯ ಮುಚ್ಚಳದ ಮಾತನ್ನು ಬರೆಯಲು ಪನ್ಸಿಯೇ ಒಪ್ಪಿದ್ದಾರೆ. ಈ ಸುತ್ತಿನ ಪ್ರಶ್ನೆಗಳೆಲ್ಲ ಮುಗಿದ ನಂತರವೇ ಅಚ್ಚು ಮಾಡಬೇಕೆಂಬ ಕಚೇರಿಯ ಷರತ್ತಿಗೆ ಪತ್ರಿಕೆ ಒಪ್ಪಿದೆ.

ಪನ್ಸಿ ಹೊರಗೆ ಬರುವಾಗ ಬಿಸಿಲು ಇಳಿದಿದೆ. ಮೆಟ್ಟಿಲ ಮೇಲೆ ತಾಯಿಯ ಪಕ್ಕ ಕೂರುತ್ತಾರೆ.

"ಮರದ ತುಂಡು ಜೋಡಿಸ್ದೆ. ಬೇಗ ಆಯ್ತು."

"ಆಗದೆ ಏನು."

"ನಿನ್ನ ಲೆಕ್ಕ ಇಳಿಸಿ ಬಂದೆ ಮಮ್ಮ."

"ಎಷ್ಟು ಇಳಿಸ್ದೆ?"

"ಕೈಲಾದಷ್ಟು."

ಮರ್ಟಿಸ್ ನಗುತ್ತಾರೆ. ಮೈ ಅಲುಗುವಂಥ ನಗು. ಅದರ ಕಾರಣ ತಿಳಿಯದ ಬಟನ್ ಕೂಡ ನಗುತ್ತಾಳೆ. ಆಮೇಲೆ ಮರ್ಟಿಸ್ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು, "ಎಲ್ಲರೂ ಸಿಕ್ಕಿದ್ರು," ಎನ್ನುತ್ತಾರೆ, ನಿರ್ದಿಷ್ಟವಾಗಿ ಯಾರಿಗೂ ಅಲ್ಲ.

ವರದಿ ಬರಲು ಒಂದು ವರ್ಷವಾದರೂ ಬೇಕು. ಬೆಟ್ಟದ ಊರುಗಳ ತೀರ್ಮಾನ ಅದರ ನಂತರ. ಅದು ಯಾವ ಕಡೆ ಹೋಗುತ್ತದೆಂದು ಹೇಳಲು ಡಾ. ಟುಲಕ್ ಒಪ್ಪುವುದಿಲ್ಲ, ಮರ್ಟಿಸ್ ಊಹಿಸುವುದೂ ಇಲ್ಲ. ನಿಮಗೇನು ಬೇಕು ಎಂದು ಅವರನ್ನು ಕೇಳಿದೆ. ಹಣ, ಸನ್ಮಾನ, ವರದಿಯಲ್ಲಿ ಹೆಸರು?

"ಒಂದು ಸಲ ಗಂಜಿ ಮಾಡ್ಬೇಕು," ಎಂದರು. "ಯಾರಿಂದಾನೂ ಏನೂ ಮುಚ್ಚಿಡ್ಬೇಕಾಗಿಲ್ದೇ ಇರೋ ದಿನ. ಕೆಂಪು, ಬರಿ, ಎಲ್ಲರೂ ಈ ಅಂಗಳದಲ್ಲೇ ಕೂರ್ಬೇಕು. ಎಲ್ಲರಿಗೂ ಆ ಹಳೇ ಪಾತ್ರೆಯಿಂದಾನೇ ಬಡಿಸ್ಬೇಕು. ಅವತ್ತು ಅದರೊಳಗೆ ಮುಚ್ಚಳ ಹಾಕಿದ್ರಲ್ಲ, ಅದೇ ಪಾತ್ರೆ. ಮನೇಲಿದೆ."

ಆದರೆ ಐವತ್ತೆರಡಕ್ಕೆ ಇನ್ನೊಂದು ಸುತ್ತು ಇದೆಯಂತೆ. ಅದು ಮುಗಿಯುವ ತನಕ ಗುಟ್ಟು ಗುಟ್ಟಾಗಿಯೇ ಇರಬೇಕು. ಆಗ ಮರ್ಟಿಸ್ ಅವರಿಗೆ ಎಪ್ಪತ್ತಾರು. ಅಷ್ಟು ವರ್ಷ ಕಾಯುತ್ತೀರಾ?

ಮೊಮ್ಮಗಳ ತುಟಿಗೆ ಅಂಟಿದ ಬನ್ನಿನ ಚೂರನ್ನು ಅವರು ಬೆರಳಲ್ಲಿ ತೆಗೆದರು.

"ಕೊನೇ ಬಟ್ಟಲು ತುಂಬೋ ತನಕ ಕಾಯಿರಿ ಅಂತ ಅವರಿಗೆಲ್ಲ ಕಲಿಸ್ದೋಳು ನಾನು. ನಾನೇ ಮುಂಚೆ ಚಮಚ ಎತ್ತಿದ್ರೆ ಹೇಗೆ?"